ಆನ್‌ಲೈನ್ ಚೆಸ್‌ನ ಕಳ್ಳಾಟ: ಮೂರು ದಶಕಗಳ ಚರಿತ್ರೆ

ಚೆಸ್‌ನಲ್ಲಿ ಕಳ್ಳಾಟಕ್ಕೆ ಹಿಂದೆ ಹೆಚ್ಚು ಜಾಗವಿರಲಿಲ್ಲ. ಇಸ್ಪೀಟಿನಂತೆ ಇಲ್ಲಿ ಮುಚ್ಚಿ ಹಿಡಿದ ಎಲೆಗಳಿಲ್ಲ. ಎರಡೂ ಕಡೆಯ ಕಾಯಿಗಳು ಎಲ್ಲರ ಕಣ್ಣೆದುರಿಗೇ ಇರುತ್ತವೆ. ಮುಟ್ಟಿದ ಕಾಯಿಯನ್ನು ಬಿಟ್ಟು ಬೇರೊಂದನ್ನು ನಡೆಸುವುದು, ಇಬ್ಬರು ಮೊದಲೇ ಮಾತಾಡಿಕೊಂಡು ಡ್ರಾ ಮಾಡಿಕೊಳ್ಳುವುದು, ಪಕ್ಕದಲ್ಲಿ ನಿಂತವರು ಕಣ್ಸನ್ನೆಯಲ್ಲಿ ನಡೆ ಹೇಳಿಕೊಡುವುದು, ಹಳೆಯ ದೂರುಗಳೆಲ್ಲ ಹೆಚ್ಚುಕಡಿಮೆ ಇಷ್ಟರೊಳಗೇ ಮುಗಿಯುತ್ತಿದ್ದವು. ಹೇಳಿಕೊಡುವವನು ಆಡುವವನಿಗಿಂತ ಬಲ್ಲವನಾಗಿರಬೇಕಿತ್ತು. ದೊಡ್ಡ ಆಟಗಾರರಿಗೆ ಹೇಳಿಕೊಡಬಲ್ಲವರು ಲೋಕದಲ್ಲೇ ಬೆರಳೆಣಿಕೆಯಷ್ಟು ಮಂದಿ. 1990ರ ದಶಕದಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಮನೆಯ ಮೇಜಿನ ಮೇಲಿನ ಕಂಪ್ಯೂಟರ್ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಸೋಲಿಸುವಷ್ಟು ಬಲಿಯಿತು. ಎದುರಾಳಿ ಮುಖ ಕಾಣದಷ್ಟು ದೂರಕ್ಕೆ ಸರಿದ. ಆನ್‌ಲೈನ್ ಚೆಸ್‌ನ ಕಳ್ಳಾಟ ಹುಟ್ಟಿದ್ದು ಇವೆರಡೂ ಕೂಡಿದಲ್ಲಿ.

ಮುಖ ಕಾಣದ ಆಟ ವ್ಯವಸ್ಥಿತವಾಗಿ ಶುರುವಾದದ್ದು 1992ರ ಜನವರಿಯಲ್ಲಿ, ಅಮೆರಿಕದ ‘ಇಂಟರ್ನೆಟ್ ಚೆಸ್ ಸರ್ವರ್’ನಿಂದ. ವೆಬ್ ಆಗಿನ್ನೂ ಜನಬಳಕೆಗೆ ಬಂದಿರಲಿಲ್ಲ. ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೋಣೆಗಳಲ್ಲಿ ಕುಳಿತ ವಿದ್ಯಾರ್ಥಿಗಳು ದೂರದ ಕಂಪ್ಯೂಟರ್‌ಗೆ ಸಂಪರ್ಕ ಕೊಡುವ ಟೆಲ್‌ನೆಟ್ ಮೂಲಕ ಒಳಹೊಕ್ಕು, ಅಕ್ಷರಗಳೂ ಗೆರೆಗಳೂ ಸೇರಿ ಮೂಡಿಸಿದ ಬೋರ್ಡಿನ ಮೇಲೆ ಆಡುತ್ತಿದ್ದರು. ಮುಂದೆ ಅದರ ಹೊಣೆ ಹೊತ್ತ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಲೇಟರ್ 1995ರಲ್ಲಿ ಅದನ್ನು ಶುಲ್ಕ ಪಡೆಯುವ ‘ಇಂಟರ್ನೆಟ್ ಚೆಸ್ ಕ್ಲಬ್’ ಆಗಿ ಬದಲಿಸಿದರು. ಹಣ ಕೊಟ್ಟು ಆಡುವುದನ್ನು ಒಪ್ಪದವರು ಅದೇ ವರ್ಷ ‘ಫ್ರೀ ಇಂಟರ್ನೆಟ್ ಚೆಸ್ ಸರ್ವರ್’ ಕಟ್ಟಿಕೊಂಡರು. ಈ ಎರಡೂ ಕಡೆ ಕಂಪ್ಯೂಟರ್‌ಗಳಿಗೆ ಪ್ರವೇಶ ನಿಷೇಧವೇನೂ ಇರಲಿಲ್ಲ. ಚೆಸ್ ಪ್ರೋಗ್ರಾಮು ಬರೆದವರು ಅದನ್ನು ತಂದು ಆಡಿಸಬಹುದಿತ್ತು. ಆದರೆ ಆ ಖಾತೆಯ ಹೆಸರಿನ ಮುಂದೆ ಇದು ಕಂಪ್ಯೂಟರ್ ಎಂಬ ಗುರುತು ಇರಲೇಬೇಕಿತ್ತು. ಎದುರಿಗಿರುವುದು ಯಂತ್ರವೆಂದು ತಿಳಿದೇ ಆಡುವವರು ಆಡಲಿ, ಬೇಡವಾದವರು ಬಿಡಲಿ ಎಂಬ ಸರಳ ನಿಯಮ ಅದು. ಮನುಷ್ಯನ ಹೆಸರಿನಲ್ಲಿ ಕುಳಿತು ಯಂತ್ರದ ನಡೆ ಆಡುವುದೇ ತಪ್ಪು ಎಂಬ ಗೆರೆಯನ್ನು ಮೊದಲು ಎಳೆದವರು ಈ ಸರ್ವರ್‌ಗಳನ್ನು ನಡೆಸುತ್ತಿದ್ದವರೇ.

ಯಂತ್ರದ ಬಲ ಆ ಕೆಲವೇ ವರ್ಷಗಳಲ್ಲಿ ಹೇಗೆ ಏರಿತೆಂಬುದಕ್ಕೆ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರ ಸೋಲುಗಳೇ ಸಾಕ್ಷಿ. 1994ರ ಆಗಸ್ಟ್‌ನಲ್ಲಿ ಲಂಡನ್ನಿನ ರ‍್ಯಾಪಿಡ್ ಟೂರ್ನಿಯೊಂದರಲ್ಲಿ ಅವರನ್ನು ಹೊರದಬ್ಬಿದ್ದು ಪೆಂಟಿಯಂ ಚಿಪ್ಪಿನ ಮೇಲೆ ಓಡುತ್ತಿದ್ದ ‘ಚೆಸ್ ಜೀನಿಯಸ್’ ಎಂಬ ಪ್ರೋಗ್ರಾಮು. ಅದು ಪ್ರಯೋಗಾಲಯದ ದೈತ್ಯವಲ್ಲ, ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ಸರಕು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂನ ‘ಡೀಪ್ ಬ್ಲೂ’ ಆರು ಆಟಗಳ ಪಂದ್ಯವನ್ನು 3.5-2.5ರಿಂದ ಗೆದ್ದಾಗ ಕಾಸ್ಪರೋವ್ ಸಂಶಯಪಟ್ಟದ್ದು ಯಂತ್ರದ ಹಿಂದೆ ಮನುಷ್ಯ ಅಡಗಿದ್ದಾನೆಂದು. ಎರಡನೇ ಆಟದಲ್ಲಿ ಅದು ಆಡಿದ ಕೆಲವು ನಡೆಗಳು ಯಂತ್ರಕ್ಕೆ ಹೊಳೆಯುವಂಥವಲ್ಲ ಎಂದು ಅವರಿಗೆ ಅನ್ನಿಸಿತ್ತು. ಆಮೇಲೆ ಅಂಥ ಸಂಶಯ ಮತ್ತೆ ಕೇಳಿಬರಲಿಲ್ಲ. ಮನುಷ್ಯನ ಒಳ್ಳೆಯ ನಡೆಯ ಹಿಂದೆ ಯಂತ್ರ ಇದೆಯೇ ಎಂಬುದು ಮಾತ್ರ ಪ್ರಶ್ನೆಯಾಗಿ ಉಳಿಯಿತು.

ಎದುರುಬದುರು ಕುಳಿತು ಆಡುವ ಟೂರ್ನಿಗಳಲ್ಲಿ ಈ ಪ್ರಶ್ನೆ ಅದಾಗಲೇ ಎದ್ದಿತ್ತು. 1993ರಲ್ಲಿ ಫಿಲಡೆಲ್ಫಿಯಾದ ವರ್ಲ್ಡ್ ಓಪನ್ ಟೂರ್ನಿಗೆ ಯಾರಿಗೂ ಗೊತ್ತಿಲ್ಲದ ಒಬ್ಬ ಬಂದ. ಕಂಪ್ಯೂಟರ್ ವಿಜ್ಞಾನದ ಆದ್ಯರಲ್ಲಿ ಒಬ್ಬರಾದ ಜಾನ್ ವಾನ್ ನಾಯ್ಮನ್ ಅವರ ಹೆಸರನ್ನೇ ತನ್ನದೆಂದು ಬರೆಸಿದ್ದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ. ಜೇಬಿನಲ್ಲಿ ಏನೋ ಉಬ್ಬಿಕೊಂಡಿತ್ತು. ಗ್ರ್ಯಾಂಡ್‌ಮಾಸ್ಟರ್ ಒಬ್ಬರೊಡನೆ ಡ್ರಾ ಮಾಡಿಕೊಂಡ ಅವನು ಬೇರೆ ಆಟಗಳಲ್ಲಿ ತೀರ ಸುಲಭದ ಕಡೆ ಎಡವಿದ. ಬಹುಮಾನ ಕೇಳಲು ಬಂದಾಗ ಸಂಘಟಕರು ಅವನ ಮುಂದೊಂದು ಸುಲಭದ ಚೆಸ್ ಸಮಸ್ಯೆ ಇಟ್ಟು ಬಿಡಿಸಲು ಹೇಳಿದರು. ಆತ ಬಿಡಿಸದೆ ಹೊರಟುಹೋದ. ಆಟಗಾರ ಎದುರಿಗಿದ್ದಾಗ ಆತನನ್ನು ಹೀಗೆ ಕೇಳಬಹುದು, ಜೇಬು ತಡವಿ ನೋಡಬಹುದು. ಸಾಗರದಾಚೆಯ ಕೋಣೆಯಲ್ಲಿ ಕುಳಿತವನನ್ನು ಏನೆಂದು ಕೇಳುವುದು?

ಆ ಅಸಹಾಯಕತೆ ಎಷ್ಟು ದೊಡ್ಡವರನ್ನೂ ತಟ್ಟಬಲ್ಲದು ಎಂಬುದು 2001ರಲ್ಲಿ ಕಂಡಿತು. ಹಿಂದೆ ವಿಶ್ವ ಚಾಂಪಿಯನ್ ಪಟ್ಟಕ್ಕೆ ಸೆಣಸಿದ್ದ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಆ ವರ್ಷ ಲಂಡನ್ನಿನ ಪತ್ರಿಕೆಯೊಂದರಲ್ಲಿ, ತಾನು ಇಂಟರ್ನೆಟ್ಟಿನಲ್ಲಿ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಶರ್ ಅವರೊಡನೆ ಕೆಲವೇ ನಿಮಿಷಗಳ ಬ್ಲಿಟ್ಜ್ ಆಟ ಆಡಿ ಸೋತಿದ್ದೇನೆ ಎಂದು ಬರೆದರು. ದಶಕಗಳಿಂದ ಜಗತ್ತಿಗೆ ಬೆನ್ನು ಮಾಡಿ ಕುಳಿತಿದ್ದ ಫಿಶರ್ ಹೆಸರು ಹೇಳದೆ ಆಡುತ್ತಿದ್ದಾರೆಂಬುದು ಶಾರ್ಟ್ ಅವರ ಖಚಿತ ನಂಬಿಕೆ. ಅನಾಮಿಕ ಎದುರಾಳಿ ಮೊದಲು ರಾಜನನ್ನೇ ಅಡ್ಡಾದಿಡ್ಡಿ ನಡೆಸಿ, ಕೆಟ್ಟ ಸ್ಥಿತಿಗೆ ಬಂದು, ಅಲ್ಲಿಂದ ಒಂದೂ ತಪ್ಪಿಲ್ಲದೆ ಆಡಿ ಗೆಲ್ಲುತ್ತಿದ್ದ. ಅರ್ಮಾಂಡೊ ಅಸೆವೆಡೊ ಎಂಬ ಅಷ್ಟೇನೂ ಹೆಸರಿಲ್ಲದ ಮೆಕ್ಸಿಕೊ ಆಟಗಾರ ಗೊತ್ತೇ ಎಂದು ಶಾರ್ಟ್ ಪರೀಕ್ಷಿಸಿದಾಗ ಆತ ಕೂಡಲೇ 1970ರ ಜೀಗನ್ ಒಲಿಂಪಿಯಾಡ್ ಎಂದು ಉತ್ತರಿಸಿದ. ಫಿಶರ್ ಅಸೆವೆಡೊರೊಡನೆ ಆಡಿದ್ದು ಅಲ್ಲೇ. ಆದರೆ ಫಿಶರ್ ಇದನ್ನು ನಿರಾಕರಿಸಿದರು. ಚೆಸ್ ಎಂಜಿನ್ (ನಡೆ ಲೆಕ್ಕಹಾಕುವ ಪ್ರೋಗ್ರಾಮು) ಇಟ್ಟುಕೊಂಡ, ಚೆಸ್ ಇತಿಹಾಸ ಬಲ್ಲ ಯಾರೋ ಕೀಟಲೆಗಾರ ಆಡಿದ್ದಿರಬೇಕೆಂಬುದು ಆಮೇಲೆ ಹೆಚ್ಚಿನವರ ಅಭಿಪ್ರಾಯವಾಯಿತು. ಹಳೆಯ ಟೂರ್ನಿಯ ವಿವರ ಪುಸ್ತಕದಲ್ಲೂ ಡೇಟಾಬೇಸ್‌ನಲ್ಲೂ ಯಾರಿಗಾದರೂ ಸಿಗುತ್ತದೆ. ನಡೆಗಳನ್ನು ಎಂಜಿನ್ ಕೊಡುತ್ತದೆ. ಇವೆರಡು ಸೇರಿದರೆ ಯಾರು ಬೇಕಾದರೂ ಫಿಶರ್ ಆಗಬಹುದಿತ್ತು.

ಕಂಪ್ಯೂಟರ್ ಜೊತೆ ಕೂಡಿ ಆಡುವುದೇ ಪಾಪವೆಂದು ಚೆಸ್ ಲೋಕ ಎಂದೂ ಹೇಳಿಲ್ಲ. 1998ರಲ್ಲಿ ಸ್ಪೇನಿನ ಲಿಯೋನ್‌ನಲ್ಲಿ ಕಾಸ್ಪರೋವ್ ಮತ್ತು ಬಲ್ಗೇರಿಯಾದ ವೆಸೆಲಿನ್ ಟೊಪಲೋವ್ ತಮ್ಮ ತಮ್ಮ ಕಂಪ್ಯೂಟರ್‌ಗಳನ್ನು ಪಕ್ಕದಲ್ಲಿಟ್ಟುಕೊಂಡೇ ‘ಅಡ್ವಾನ್ಸ್ಡ್ ಚೆಸ್’ ಆಡಿದರು. 2005ರಲ್ಲಿ ಯಾವ ನೆರವನ್ನು ಬೇಕಾದರೂ ಬಳಸಬಹುದೆಂಬ ‘ಫ್ರೀಸ್ಟೈಲ್’ ಆನ್‌ಲೈನ್ ಟೂರ್ನಿಯನ್ನು ಗೆದ್ದವರು ಗ್ರ್ಯಾಂಡ್‌ಮಾಸ್ಟರ್‌ಗಳಲ್ಲ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಇಬ್ಬರು ಹವ್ಯಾಸಿಗಳು. ತಮ್ಮ ಕಂಪ್ಯೂಟರ್‌ಗಳನ್ನು ಪಳಗಿಸಿ ಬಳಸುವ ಜಾಣ್ಮೆಯಿಂದಲೇ ಅವರು ಗೆದ್ದರು. ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟ ಇಂದಿಗೂ ಎಂಜಿನ್ ಬಳಕೆಗೆ ಅವಕಾಶ ಕೊಡುತ್ತದೆ. ಹಾಗಾಗಿ ತಪ್ಪಿರುವುದು ಯಂತ್ರದಲ್ಲಲ್ಲ. ನಾನೊಬ್ಬನೇ ಆಡುತ್ತಿದ್ದೇನೆ ಎಂದು ಎದುರಾಳಿಯನ್ನು ನಂಬಿಸುವುದರಲ್ಲಿದೆ.

ಈ ಕಳ್ಳಾಟದ ವಿಧಾನ ನೋಡಲು ಬಲು ಸರಳ. ಒಂದು ಕಿಟಕಿಯಲ್ಲಿ ಆಟ, ಇನ್ನೊಂದರಲ್ಲಿ ಎಂಜಿನ್. ಎದುರಾಳಿಯ ನಡೆಯನ್ನು ಎಂಜಿನ್ನಿಗೆ ಉಣಿಸಿ, ಅದು ಕೊಟ್ಟ ಉತ್ತರವನ್ನು ಮೊದಲ ಕಿಟಕಿಗೆ ತಂದು ಆಡುವುದು. ಸ್ಮಾರ್ಟ್‌ಫೋನ್ ಬಂದ ಮೇಲೆ ಎರಡನೇ ಕಿಟಕಿಯೂ ಬೇಕಾಗಲಿಲ್ಲ. 2009ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಟೂರ್ನಿಯಲ್ಲಿ ಮೊಬೈಲ್ ಫೋನಿನಲ್ಲಿ ಓಡುತ್ತಿದ್ದ ‘ಪಾಕೆಟ್ ಫ್ರಿಟ್ಸ್ 4’ ಹತ್ತು ಆಟಗಳಲ್ಲಿ ಒಂಬತ್ತೂವರೆ ಅಂಕ ಗಳಿಸಿತು. ಅಂದರೆ ಜಗತ್ತಿನ ಅಗ್ರ ಆಟಗಾರನ ಮಟ್ಟದ ಆಟವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡುವ ಕಾಲ ಬಂದಿತ್ತು. ಅದರ ಹಿಂದಿನ ವರ್ಷ ಹೊರಬಂದಿದ್ದ ‘ಸ್ಟಾಕ್‌ಫಿಶ್’ ಎಂಜಿನ್ ಪೂರ್ತಿ ಉಚಿತ. ಮನುಷ್ಯರಲ್ಲಿ ಇದುವರೆಗಿನ ಅತಿ ಹೆಚ್ಚಿನ ರೇಟಿಂಗ್, ಅಂದರೆ ಆಟದ ಬಲದ ಅಂಕ, ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882. ಇಂದಿನ ಎಂಜಿನ್‌ಗಳ ಬಲವನ್ನು 3500ಕ್ಕೂ ಮೇಲೆ ಎಣಿಸಲಾಗುತ್ತದೆ.

ಪ್ರತಿ ನಡೆಯನ್ನೂ ಎಂಜಿನ್ನಿಂದ ಎತ್ತಿಕೊಳ್ಳುವ ಅರಿಯದವನು ಬೇಗ ಸಿಕ್ಕಿಬೀಳುತ್ತಾನೆ. ಕಷ್ಟವಿರುವುದು ಆಟ ಬಲ್ಲವನ ವಿಷಯದಲ್ಲಿ. ಅಂಥವನಿಗೆ ನಡೆ ಬೇಕಿಲ್ಲ. ಈ ಹಂತದಲ್ಲಿ ಏನೋ ಇದೆ, ನಿಂತು ಯೋಚಿಸು ಎಂಬ ಒಂದು ಸೂಚನೆ ಸಾಕು. ಇಡೀ ಪಂದ್ಯದಲ್ಲಿ ಒಂದೆರಡು ಸಲ ಅಂಥ ಸುಳಿವು ಸಿಕ್ಕರೆ ತನ್ನನ್ನು ಸೋಲಿಸುವುದು ಹೆಚ್ಚುಕಡಿಮೆ ಅಸಾಧ್ಯವಾದೀತು ಎಂದು ಕಾರ್ಲ್‌ಸನ್ ಒಮ್ಮೆ ಹೇಳಿದ್ದುಂಟು.

ಪತ್ತೆಯ ವಿಜ್ಞಾನ ಬೆಳೆದದ್ದು ಒಂದು ಜಗಳದಿಂದ. 2006ರಲ್ಲಿ ರಷ್ಯಾದ ಎಲಿಸ್ಟಾದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಮತ್ತು ಟೊಪಲೋವ್ ನಡುವೆ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ, ಕ್ರಾಮ್ನಿಕ್ ಪದೇಪದೇ ಕ್ಯಾಮೆರಾ ಇಲ್ಲದ ಶೌಚಾಲಯಕ್ಕೆ ಹೋಗುತ್ತಾರೆಂದು ಟೊಪಲೋವ್ ಅವರ ಮ್ಯಾನೇಜರ್ ಸಿಲ್ವಿಯೊ ದನೈಲೋವ್ ದೂರಿದರು. ಆಟಗಾರರ ಖಾಸಗಿ ಶೌಚಾಲಯಗಳಿಗೆ ಬೀಗ ಬಿತ್ತು. ಅದನ್ನು ಪ್ರತಿಭಟಿಸಿ ಕ್ರಾಮ್ನಿಕ್ ಐದನೇ ಆಟಕ್ಕೆ ಕೂರಲಿಲ್ಲ, ಅಂಕ ಕಳೆದುಕೊಂಡರು. ಕೊನೆಗೆ ಟೈಬ್ರೇಕ್‌ನಲ್ಲಿ ಪಟ್ಟ ಗೆದ್ದರು. ಅವರ ನಡೆಗಳು ‘ಫ್ರಿಟ್ಸ್’ ಎಂಜಿನ್ನಿನ ನಡೆಗಳೊಂದಿಗೆ ಶೇಕಡಾ ಎಪ್ಪತ್ತೆಂಟರಷ್ಟು ತಾಳೆಯಾಗುತ್ತವೆ ಎಂದು ದನೈಲೋವ್ ಲೆಕ್ಕ ಮುಂದಿಟ್ಟಿದ್ದರು. ಇಂಥ ಲೆಕ್ಕಕ್ಕೆ ನಿಜವಾಗಿ ಏನಾದರೂ ಅರ್ಥವಿದೆಯೇ ಎಂಬ ಪ್ರಶ್ನೆಯನ್ನು ಹಿಡಿದವರು ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ, ಸ್ವತಃ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಕೆನೆತ್ ರೀಗನ್.

ಎಂಜಿನ್ನಿನ ನಡೆಯನ್ನೇ ಮನುಷ್ಯನೂ ಆಡಿದರೆ ಅದು ತಾನಾಗಿ ಅಪರಾಧವಲ್ಲ. ಎದುರಾಳಿ ಕುದುರೆ ಹೊಡೆದಾಗ ತಿರುಗಿ ಹೊಡೆಯುವುದೊಂದೇ ದಾರಿಯಿದ್ದರೆ ಎಳೆಯ ಮಗುವೂ ಎಂಜಿನ್ನೂ ಒಂದೇ ನಡೆ ಆಡುತ್ತವೆ. ಆದ್ದರಿಂದ ಮೊದಲು ಆ ಸ್ಥಿತಿ ಎಷ್ಟು ಕಠಿಣ, ಅಲ್ಲಿ ಸರಿಸುಮಾರು ಸಮನಾದ ಎಷ್ಟು ನಡೆಗಳಿವೆ ಎಂದು ಅಳೆಯಬೇಕು. ಇಂತಿಷ್ಟು ರೇಟಿಂಗ್ ಇರುವವರು ಅಂಥ ಕಡೆ ಸಾಮಾನ್ಯವಾಗಿ ಎಷ್ಟು ಸಲ ಅತ್ಯುತ್ತಮ ನಡೆಯನ್ನು ಹುಡುಕುತ್ತಾರೆ ಎಂಬುದನ್ನು ಲಕ್ಷಾಂತರ ನಡೆಗಳ ದಾಖಲೆಯಿಂದ ತಿಳಿಯಬೇಕು. ಆಮೇಲೆ ಶಂಕಿತನ ಆಟ ಆ ನಿರೀಕ್ಷೆಯಿಂದ ಎಷ್ಟು ದೂರ ನಿಂತಿದೆ ಎಂದು ನೋಡಬೇಕು. ರೀಗನ್ ಕಟ್ಟಿದ ಮಾದರಿಯ ತಿರುಳು ಇಷ್ಟು. ಇದರ ಜೊತೆಗೆ, ಪ್ರತಿ ನಡೆಯಲ್ಲೂ ಎಂಜಿನ್ನಿನ ಲೆಕ್ಕದಲ್ಲಿ ಆಟಗಾರ ಎಷ್ಟು ಕಳೆದುಕೊಂಡ ಎಂಬುದನ್ನು ಒಂದು ಕಾಲಾಳಿನ ಬೆಲೆಯ ನೂರನೇ ಒಂದು ಭಾಗವನ್ನು ಅಳತೆಯಾಗಿಟ್ಟು ಎಣಿಸುವ ಕ್ರಮವೂ ಬಳಕೆಯಲ್ಲಿದೆ. ವಿಶ್ವ ಚೆಸ್ ಒಕ್ಕೂಟವಾದ ಫಿಡೆ ಮುಂದೆ ಕಳ್ಳಾಟ ತಡೆಗೆಂದೇ ಒಂದು ಆಯೋಗ ಮಾಡಿಕೊಂಡಾಗ ರೀಗನ್ ಅವರ ವಿಧಾನಕ್ಕೆ ಅಲ್ಲಿ ಮನ್ನಣೆ ಸಿಕ್ಕಿತು.

ಸಂಭಾವ್ಯತೆಯ ಲೆಕ್ಕಕ್ಕೆ ಒಂದು ಅಪಾಯ ಅಂಟಿಕೊಂಡೇ ಇದೆ, ಅದನ್ನು ಮರೆತವರಿಂದಲೇ ಮುಂದೆ ದೊಡ್ಡ ಅನಾಹುತಗಳಾದವು. ಒಬ್ಬನ ಆಟ ಸಾವಿರಕ್ಕೊಮ್ಮೆ ಮಾತ್ರ ಕಾಣುವಂಥದ್ದು ಎಂದರೆ ಕೇಳುವವರಿಗೆ ಅದೇ ಪುರಾವೆಯೆನಿಸುತ್ತದೆ. ಆದರೆ ಒಂದು ಸರ್ವರ್‌ನಲ್ಲಿ ದಿನಕ್ಕೆ ಹತ್ತು ಲಕ್ಷ ಆಟಗಳು ನಡೆದರೆ ಯಾವ ಮೋಸವೂ ಇಲ್ಲದೆ ಅಂಥ ಸಾವಿರ ಆಟಗಳು ಪ್ರತಿದಿನ ಹುಟ್ಟುತ್ತವೆ. ಅವುಗಳಲ್ಲಿ ಒಂದನ್ನು ಎತ್ತಿ ತೋರಿಸಿ ಯಾರನ್ನು ಬೇಕಾದರೂ ಕಳ್ಳನೆನ್ನಬಹುದು.

ಆನ್‌ಲೈನ್ ವೇದಿಕೆಗಳಿಗೆ ನಡೆಗಳ ಹೊರತಾಗಿ ಇನ್ನೂ ಕೆಲವು ಕುರುಹುಗಳು ಸಿಗುತ್ತವೆ. ಅವುಗಳಲ್ಲಿ ಸಮಯ ಮುಖ್ಯ. ಮನುಷ್ಯ ಸುಲಭದ ನಡೆಯನ್ನು ಕ್ಷಣದಲ್ಲಿ ಆಡುತ್ತಾನೆ, ತೊಡಕಿನ ಕಡೆ ತಡೆದು ಯೋಚಿಸುತ್ತಾನೆ. ಎಂಜಿನ್ನನ್ನು ಕೇಳಿ ಆಡುವವನಿಗೆ ಎಲ್ಲ ನಡೆಗೂ ಬಹುಪಾಲು ಅಷ್ಟೇ ಹೊತ್ತು ಹಿಡಿಯುತ್ತದೆ. ಹೊಡೆದ ಕಾಯಿಯನ್ನು ತಿರುಗಿ ಹೊಡೆಯಲೂ ಏಳು ಸೆಕೆಂಡು, ಆನೆಯನ್ನು ಬಲಿಕೊಡುವ ಅದ್ಭುತ ಸಂಯೋಜನೆಗೂ ಏಳು ಸೆಕೆಂಡು. ಆಟಗಾರ ಬ್ರೌಸರ್ ಕಿಟಕಿಯಿಂದ ಪದೇಪದೇ ಆಚೆ ಹೋಗುತ್ತಾನೆಯೇ, ಹಾಗೆ ಹೋಗಿ ಬಂದ ಮೇಲಿನ ನಡೆಗಳು ಮಾತ್ರ ಉತ್ತಮವಾಗಿವೆಯೇ ಎಂಬುದೂ ದಾಖಲಾಗುತ್ತದೆ. 2007ರಲ್ಲಿ ಶುರುವಾದ ಚೆಸ್ ಡಾಟ್ ಕಾಮ್ ಇವನ್ನೆಲ್ಲ ಕೂಡಿಸಿ ತನ್ನದೇ ಪತ್ತೆ ವ್ಯವಸ್ಥೆ ಕಟ್ಟಿತು, ಅದರ ಒಳವಿವರಗಳನ್ನು ಗುಟ್ಟಾಗಿಯೇ ಇಟ್ಟಿತು. ಗೊತ್ತಾದರೆ ಕಳ್ಳರು ಅದಕ್ಕೆ ತಕ್ಕಂತೆ ಆಡುತ್ತಾರೆಂಬುದು ಅದರ ವಾದ. 2010ರಲ್ಲಿ ಫ್ರಾನ್ಸಿನ ತಿಬೊ ದ್ಯುಪ್ಲೆಸಿ ಹುಟ್ಟುಹಾಕಿದ ಲಿಚೆಸ್ ಬೇರೆ ಹಾದಿಯದು. ಅದು ಜಾಹೀರಾತಿಲ್ಲದ, ದೇಣಿಗೆಯಿಂದ ನಡೆಯುವ ಸಂಸ್ಥೆ. ಅದರ ಮೂಲಸಂಕೇತವೆಲ್ಲ ಬಹಿರಂಗ, ಕಳ್ಳಾಟ ಗುರುತಿಸಲು ಕಲಿಸಿದ ‘ಇರ್ವಿನ್’ ಎಂಬ ಪ್ರೋಗ್ರಾಮಿನದೂ ಸೇರಿ. ಕಳ್ಳ ಸಿಕ್ಕಿಬಿದ್ದಾಗ ಅವನಿಂದ ಸೋತವರಿಗೆ ಕಳೆದ ರೇಟಿಂಗ್ ಅಂಕಗಳನ್ನು ಮರಳಿಸುವ ಪದ್ಧತಿ ಎರಡೂ ಕಡೆ ಇದೆ. ತಪ್ಪೊಪ್ಪಿಕೊಂಡ ಆಟಗಾರನಿಗೆ ಹೆಸರು ಬಹಿರಂಗಪಡಿಸದೆ ಇನ್ನೊಂದು ಖಾತೆ ತೆರೆಯಲು ಬಿಡುವ ರೂಢಿಯನ್ನೂ ಚೆಸ್ ಡಾಟ್ ಕಾಮ್ ಇಟ್ಟುಕೊಂಡಿತ್ತು. ಹದಿಹರೆಯದವರ ಬದುಕನ್ನು ಒಂದು ತಪ್ಪಿಗಾಗಿ ಹಾಳುಮಾಡಬಾರದೆಂಬ ಕಾಳಜಿ ಇದರಲ್ಲಿತ್ತು. ಹೀಗೆ ಗುಟ್ಟಾಗಿ ಮುಗಿದ ಪ್ರಕರಣಗಳ ನೆರಳು ಮುಂದೆ ಎಷ್ಟು ದೂರ ಚಾಚುವುದೆಂದು ಆಗ ಯಾರೂ ಊಹಿಸಿರಲಿಲ್ಲ.

ಈ ವ್ಯವಸ್ಥೆಗಳೆಲ್ಲ ನಿಜವಾದ ಪರೀಕ್ಷೆಗೆ ಒಡ್ಡಿಕೊಂಡದ್ದು 2020ರಲ್ಲಿ. ಕೋವಿಡ್ ಬಂದು ಟೂರ್ನಿಗಳು ನಿಂತಾಗ ಇಡೀ ಚೆಸ್ ಲೋಕ ಪರದೆಗೆ ಸ್ಥಳಾಂತರಗೊಂಡಿತು. ಏಪ್ರಿಲ್‌ನಲ್ಲಿ ನಡೆದ ಮ್ಯಾಗ್ನಸ್ ಕಾರ್ಲ್‌ಸನ್ ಇನ್ವಿಟೇಷನಲ್ ಟೂರ್ನಿಯ ಬಹುಮಾನ ನಿಧಿ ಎರಡೂವರೆ ಲಕ್ಷ ಡಾಲರ್. ಆಗಸ್ಟ್‌ನಲ್ಲಿ ಫಿಡೆ ಆನ್‌ಲೈನ್ ಒಲಿಂಪಿಯಾಡ್ ನಡೆಸಿತು. ಫೈನಲ್‌ನಲ್ಲಿ ಇಂಟರ್ನೆಟ್ ಕೈಕೊಟ್ಟು ಭಾರತದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶ್‌ಮುಖ್ ಅವರ ಆಟಗಳು ಕಡಿದುಹೋದುದರಿಂದ ಭಾರತ ಮತ್ತು ರಷ್ಯಾಗಳನ್ನು ಜಂಟಿ ವಿಜೇತರೆಂದು ಘೋಷಿಸಲಾಯಿತು. ಆವರೆಗೆ ಮೋಜಿನದೆನಿಸಿದ್ದ ಆಟಕ್ಕೆ ಹಣ, ಪಟ್ಟ, ದೇಶದ ಹೆಸರು ಎಲ್ಲ ಅಂಟಿಕೊಂಡವು. ಆಟಗಾರರ ಮೇಲೆ ಕ್ಯಾಮೆರಾ ಬಂತು. ಮುಖಕ್ಕೊಂದು, ಎಷ್ಟೋ ಕಡೆ ಪಕ್ಕದಿಂದ ಕೋಣೆ ಕಾಣುವಂತೆ ಇನ್ನೊಂದು. ಪರದೆಯನ್ನು ತೀರ್ಪುಗಾರರೊಡನೆ ಹಂಚಿಕೊಳ್ಳಬೇಕಾಯಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚೆಸ್ ಡಾಟ್ ಕಾಮ್ ನಡೆಸುತ್ತಿದ್ದ ಪ್ರೊ ಚೆಸ್ ಲೀಗ್‌ನ ಫೈನಲ್‌ನಲ್ಲಿ ಅರ್ಮೇನಿಯಾ ಈಗಲ್ಸ್ ತಂಡ ಸೇಂಟ್ ಲೂಯಿಸ್ ತಂಡವನ್ನು ಸೋಲಿಸಿತು. ಕೆಲವೇ ದಿನಗಳಲ್ಲಿ ಸಂಘಟಕರು ವಿಜೇತ ತಂಡದ ಗ್ರ್ಯಾಂಡ್‌ಮಾಸ್ಟರ್ ಟಿಗ್ರಾನ್ ಎಲ್. ಪೆಟ್ರೋಸಿಯನ್ ನ್ಯಾಯಸಮ್ಮತ ಆಟದ ನಿಯಮ ಮೀರಿದ್ದಾರೆಂದು ತೀರ್ಮಾನಿಸಿ, ಅವರನ್ನು ಆಜೀವ ನಿಷೇಧಿಸಿ, ಪ್ರಶಸ್ತಿಯನ್ನು ಸೇಂಟ್ ಲೂಯಿಸ್‌ಗೆ ಕೊಟ್ಟರು. ಪೆಟ್ರೋಸಿಯನ್ ಆರೋಪವನ್ನು ಕಟುವಾಗಿ ನಿರಾಕರಿಸಿದರು. 2015ರ ದುಬೈ ಓಪನ್‌ನಲ್ಲಿ ಎದುರಾಳಿ ಜಾರ್ಜಿಯಾದ ಗಯೋಸ್ ನಿಗಾಲಿದ್ಜೆ ಪದೇಪದೇ ಒಂದೇ ಶೌಚಾಲಯಕ್ಕೆ ಹೋಗುವುದನ್ನು ಕಂಡು ದೂರಿ, ಅಲ್ಲಿ ಬಚ್ಚಿಟ್ಟ ಫೋನು ಸಿಗುವಂತೆ ಮಾಡಿದ್ದವರು ಇದೇ ಪೆಟ್ರೋಸಿಯನ್. ಎರಡು ಪ್ರಕರಣಗಳ ನಡುವಿನ ಅಂತರ ಗಮನಿಸಬೇಕಾದದ್ದು. ದುಬೈಯಲ್ಲಿ ಕೈಗೆ ಫೋನು ಸಿಕ್ಕಿತ್ತು, ಎಲ್ಲರೂ ನೋಡಬಹುದಿತ್ತು. ಇಲ್ಲಿ ಸಿಕ್ಕದ್ದು ಅಂಕಿಅಂಶ ಮಾತ್ರ. ಅದನ್ನೂ ಹೊರಗಿನವರ ಮುಂದೆ ಬಿಡಿಸಿಡಲಿಲ್ಲ.

ಭಾರತದಲ್ಲಿ ಈ ವಿಷಯ ಮನೆಮಾತಾದದ್ದು 2021ರ ಜೂನ್ 13ರಂದು, ಬೆಂಗಳೂರಿನ ನಂಟಿದ್ದ ಒಂದು ಸದುದ್ದೇಶದ ಕಾರ್ಯಕ್ರಮದಿಂದ. ಕೋವಿಡ್ ಸಂತ್ರಸ್ತರ ನೆರವಿಗೆ, ಬೆಂಗಳೂರಿನಲ್ಲಿ ಕೇಂದ್ರವುಳ್ಳ ಅಕ್ಷಯ ಪಾತ್ರ ಪ್ರತಿಷ್ಠಾನಕ್ಕಾಗಿ ಹಣ ಕೂಡಿಸಲು ‘ಚೆಕ್‌ಮೇಟ್ ಕೋವಿಡ್’ ಎಂಬ ಆನ್‌ಲೈನ್ ಪ್ರದರ್ಶನ ಪಂದ್ಯ ಏರ್ಪಟ್ಟಿತ್ತು. ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಏಕಕಾಲದಲ್ಲಿ ಹಲವು ಗಣ್ಯರೊಡನೆ ಆಡಿದರು; ಅವರಲ್ಲಿ ಆಮೀರ್ ಖಾನ್, ಕ್ರಿಕೆಟಿಗ ಯಜುವೇಂದ್ರ ಚಾಹಲ್, ಕನ್ನಡದ ನಟ ಕಿಚ್ಚ ಸುದೀಪ್ ಇದ್ದರು. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾದ ಸಹಸಂಸ್ಥಾಪಕ ನಿಖಿಲ್ ಕಾಮತ್ ಆನಂದ್ ಅವರನ್ನು ಸೋಲಿಸಿಬಿಟ್ಟರು. ಹವ್ಯಾಸಿಯೊಬ್ಬರ ನಡೆಗಳಲ್ಲಿದ್ದ ಆ ನಿಖರತೆ ಚೆಸ್ ಬಲ್ಲವರ ಕಣ್ಣಿಗೆ ಕೂಡಲೇ ಬಿತ್ತು. ಚೆಸ್ ಡಾಟ್ ಕಾಮ್ ಅವರ ಖಾತೆಯನ್ನು ಮುಚ್ಚಿತು. ಮರುದಿನ ಕಾಮತ್ ಬಹಿರಂಗವಾಗಿ ಕ್ಷಮೆ ಕೇಳಿದರು. ಆಟವನ್ನು ವಿಶ್ಲೇಷಿಸುತ್ತಿದ್ದ ಕೆಲವರ ಮತ್ತು ಕಂಪ್ಯೂಟರ್‌ನ ನೆರವು ಪಡೆದಿದ್ದಾಗಿಯೂ, ತಾನು ಆನಂದರನ್ನು ನಿಜವಾಗಿ ಸೋಲಿಸಿದೆನೆಂದು ಯಾರಾದರೂ ನಂಬುವುದೇ ಹಾಸ್ಯಾಸ್ಪದವೆಂದೂ ಹೇಳಿಕೊಂಡರು. ಆನಂದ್ ಅವರ ಪ್ರತಿಕ್ರಿಯೆ ಅಳೆದು ತೂಗಿದ್ದು. ತಾನು ಬೋರ್ಡಿನ ಮೇಲಿದ್ದ ಸ್ಥಿತಿಯನ್ನಷ್ಟೇ ನೋಡಿ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದರು. ವಿಷಯವನ್ನು ಮುಂದೆ ಎಳೆಯಲು ಅವರು ಬಯಸದ ಕಾರಣ ಖಾತೆ ಮತ್ತೆ ತೆರೆಯಿತು. ಅಖಿಲ ಭಾರತ ಚೆಸ್ ಒಕ್ಕೂಟದ ಕಾರ್ಯದರ್ಶಿ ಭರತ್ ಸಿಂಗ್ ಚೌಹಾಣ್ ಮಾತ್ರ ನಡೆದದ್ದನ್ನು ಖಂಡಿಸಿದರು. ದಾನಕ್ಕಾಗಿ ಆಡಿದ ಆಟ ತಾನೇ ಎಂದು ಹಗುರಾಗಿ ತೆಗೆದುಕೊಂಡವರೂ ಇದ್ದರು. ಆದರೆ ಎದುರಿಗಿದ್ದವರು ಬಾಲ್ಯದಿಂದ ಈ ಒಂದು ಆಟಕ್ಕೆ ಬದುಕು ತೆತ್ತವರು. ಅವರ ಸಮಯಕ್ಕೂ ನಂಬಿಕೆಗೂ ಸಲ್ಲಬೇಕಾದ ಗೌರವ ಅಲ್ಲಿ ಸಲ್ಲಲಿಲ್ಲ ಎಂಬ ನೋವು ಚೆಸ್ ಆಡುವವರಲ್ಲಿ ಉಳಿಯಿತು.

ಆನ್‌ಲೈನ್‌ನಲ್ಲಿ ಎದ್ದ ಸಂಶಯ ಎದುರುಬದುರು ಕುಳಿತಾಡುವ ಬೋರ್ಡಿಗೂ ಮರಳಿ ಬಂದದ್ದು 2022ರಲ್ಲಿ. ಸೆಪ್ಟೆಂಬರ್ 4ರಂದು ಅಮೆರಿಕದ ಸೇಂಟ್ ಲೂಯಿಸ್‌ನ ಸಿಂಕ್ವೆಫೀಲ್ಡ್ ಕಪ್‌ನ ಮೂರನೇ ಸುತ್ತಿನಲ್ಲಿ 19 ವರ್ಷದ ಹ್ಯಾನ್ಸ್ ನೀಮನ್ ಕಪ್ಪು ಕಾಯಿಗಳಲ್ಲಿ ಆಡಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಅವರನ್ನು ಸೋಲಿಸಿದರು. ದೀರ್ಘಾವಧಿಯ ಕ್ಲಾಸಿಕಲ್ ಚೆಸ್‌ನಲ್ಲಿ 53 ಆಟಗಳಿಂದ ಸೋಲದೆ ಬಂದಿದ್ದ ಕಾರ್ಲ್‌ಸನ್ ಮರುದಿನ ಕಾರಣ ಹೇಳದೆ ಟೂರ್ನಿಯನ್ನೇ ಬಿಟ್ಟು ಹೊರಟರು. ಅವರು ಬಾಯಿ ಬಿಡದಿದ್ದರೂ ಸೂಚನೆ ಎಲ್ಲರಿಗೂ ಅರ್ಥವಾಯಿತು. ನೀಮನ್ ಸಂದರ್ಶನದಲ್ಲಿ, 12 ಮತ್ತು 16ನೇ ವಯಸ್ಸಿನಲ್ಲಿ ಆನ್‌ಲೈನ್ ಆಟದಲ್ಲಿ ಕಂಪ್ಯೂಟರ್ ನೆರವು ಪಡೆದಿದ್ದೆ, ಎದುರುಬದುರು ಆಟದಲ್ಲಿ ಎಂದೂ ಇಲ್ಲ ಎಂದರು. ಎರಡು ವಾರಗಳ ನಂತರ ಆನ್‌ಲೈನ್ ಟೂರ್ನಿಯೊಂದರಲ್ಲಿ ಇಬ್ಬರೂ ಮುಖಾಮುಖಿಯಾದಾಗ ಕಾರ್ಲ್‌ಸನ್ ಒಂದು ನಡೆ ಆಡಿ ಆಟ ಬಿಟ್ಟುಕೊಟ್ಟರು. ಅಕ್ಟೋಬರ್‌ನಲ್ಲಿ ಚೆಸ್ ಡಾಟ್ ಕಾಮ್ 72 ಪುಟಗಳ ವರದಿ ಹೊರತಂದು, ನೀಮನ್ ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿರುವ ಸಂಭವವಿದೆ ಎಂದಿತು. ಸಿಂಕ್ವೆಫೀಲ್ಡ್ ಆಟದಲ್ಲಿ ಮೋಸವಾದುದಕ್ಕೆ ನೇರ ಪುರಾವೆ ಅದರ ಬಳಿಯೂ ಇರಲಿಲ್ಲ. ನೀಮನ್ ಅವರ ಎದುರುಬದುರು ಆಟಗಳನ್ನು ಪರಿಶೀಲಿಸಿದ ರೀಗನ್ ಅವರಿಗೂ ಏನೂ ಸಿಗಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತು ಬಂತು. ಜಗತ್ತಿನ ಮೊದಲ ನೂರು ಮಂದಿಯಲ್ಲಿ ನಾಲ್ವರೂ ಸೇರಿದಂತೆ ಹಲವು ಗ್ರ್ಯಾಂಡ್‌ಮಾಸ್ಟರ್‌ಗಳು ಹಿಂದೆ ತಪ್ಪೊಪ್ಪಿಕೊಂಡಿದ್ದಾರೆ ಎಂಬುದು ಅದು. ಅವರು ಯಾರೆಂದು ಹೇಳಲಿಲ್ಲ. ಹೆಸರಿಲ್ಲದ ಈ ಆರೋಪ ಎಲ್ಲ ಹೆಸರುಗಳ ಮೇಲೂ ಬಿತ್ತು.

ನೀಮನ್ ಕಾರ್ಲ್‌ಸನ್, ಚೆಸ್ ಡಾಟ್ ಕಾಮ್ ಮತ್ತಿತರರ ವಿರುದ್ಧ ಹತ್ತು ಕೋಟಿ ಡಾಲರ್ ಪರಿಹಾರ ಕೋರಿ ಮಿಸೌರಿಯ ಫೆಡರಲ್ ನ್ಯಾಯಾಲಯಕ್ಕೆ ಹೋದರು. 2023ರ ಜೂನ್‌ನಲ್ಲಿ ಮೊಕದ್ದಮೆ ವಜಾ ಆಯಿತು, ಆಗಸ್ಟ್‌ನಲ್ಲಿ ರಾಜಿಯಾಯಿತು. ಚೆಸ್ ಡಾಟ್ ಕಾಮ್ ಮುಚ್ಚಿದ್ದ ಅವರ ಖಾತೆ ಮರಳಿತು. ಸಿಂಕ್ವೆಫೀಲ್ಡ್‌ನಲ್ಲಿ ಅವರು ಮೋಸ ಮಾಡಿದರೆಂಬುದಕ್ಕೆ ನಿರ್ಣಾಯಕ ಪುರಾವೆ ಇಲ್ಲವೆಂದು ಕಾರ್ಲ್‌ಸನ್ ಒಪ್ಪಿಕೊಂಡರು. ಟೂರ್ನಿಯನ್ನು ಸಕಾರಣವಿಲ್ಲದೆ ಬಿಟ್ಟದ್ದಕ್ಕೆ ಫಿಡೆ ಕಾರ್ಲ್‌ಸನ್ ಅವರಿಗೆ ಹತ್ತು ಸಾವಿರ ಯೂರೊ ದಂಡ ಹಾಕಿತು. ಈ ಗದ್ದಲ ಚೆಸ್‌ಗೆ ಜನರನ್ನು ಸೆಳೆಯಿತೇ ಹೊರತು ದೂರಮಾಡಲಿಲ್ಲ. 2022ರ ಡಿಸೆಂಬರ್‌ನಲ್ಲಿ ಚೆಸ್ ಡಾಟ್ ಕಾಮ್‌ನ ಸದಸ್ಯರ ಸಂಖ್ಯೆ ಹತ್ತು ಕೋಟಿ ಮುಟ್ಟಿತು.

ಇದರ ನಂತರದ ಅಧ್ಯಾಯ ಕಳ್ಳಾಟಕ್ಕಿಂತ ಕಳ್ಳಾಟದ ಆರೋಪದ್ದು. ಎಲಿಸ್ಟಾದಲ್ಲಿ ತಾನೇ ಆರೋಪಕ್ಕೆ ಗುರಿಯಾಗಿದ್ದ ಕ್ರಾಮ್ನಿಕ್ 2023ರಿಂದ ಆನ್‌ಲೈನ್ ಬ್ಲಿಟ್ಜ್ ಆಟಗಳ ಅಂಕಿಅಂಶ ಹಿಡಿದು ಒಬ್ಬೊಬ್ಬರನ್ನೇ ಪ್ರಶ್ನಿಸತೊಡಗಿದರು. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರ 46 ಆಟಗಳಲ್ಲಿ 45.5 ಅಂಕ ಗಳಿಸಿದ್ದನ್ನು ಅವರು ಎತ್ತಿ ತೋರಿಸಿದರು. ಸಾವಿರಾರು ಆಟ ಆಡಿದವರಿಗೆ, ಅದರಲ್ಲೂ ತಮಗಿಂತ ಕಡಿಮೆ ರೇಟಿಂಗ್‌ನವರೊಡನೆ ಆಡುವವರಿಗೆ, ಇಂಥ ಸರಣಿಗಳು ಬಂದೇ ಬರುತ್ತವೆ ಎಂದು ಲೆಕ್ಕ ಬಲ್ಲವರು ತೋರಿಸಿಕೊಟ್ಟರು. ಚೆಸ್ ಡಾಟ್ ಕಾಮ್ ಕೂಡ ಆ ಸಂಶಯವನ್ನು ತಳ್ಳಿಹಾಕಿತು. 2024ರಲ್ಲಿ ಕ್ರಾಮ್ನಿಕ್ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನಾರೊಡಿಟ್ಸ್ಕಿ ಅವರತ್ತ ತಿರುಗಿದರು. ಆನ್‌ಲೈನ್‌ನಲ್ಲಿ ಲಕ್ಷಾಂತರ ಮಂದಿಗೆ ಚೆಸ್ ಕಲಿಸಿದ, ಎಲ್ಲರಿಗೂ ಬೇಕಾಗಿದ್ದ ನಾರೊಡಿಟ್ಸ್ಕಿ ಆರೋಪಗಳನ್ನು ನಿರಾಕರಿಸುತ್ತಲೇ ಬಂದರು. ಅವರ ವಿರುದ್ಧ ಯಾವ ಸಂಸ್ಥೆಯೂ ತಪ್ಪು ಕಂಡದ್ದಿಲ್ಲ. 2025ರ ಅಕ್ಟೋಬರ್‌ನಲ್ಲಿ, 29ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆರೋಪಗಳು ಅವರನ್ನು ಎಷ್ಟು ನೋಯಿಸಿದ್ದವೆಂದು ಹತ್ತಿರದವರು ಹೇಳಿದರು. ಮರುತಿಂಗಳು ಫಿಡೆ ಆಡಳಿತ ಮಂಡಳಿ ಕ್ರಾಮ್ನಿಕ್ ಅವರ ನಡವಳಿಕೆಯ ವಿರುದ್ಧ ತನ್ನ ನೀತಿ ಆಯೋಗಕ್ಕೆ ವಿಧ್ಯುಕ್ತ ದೂರು ಸಲ್ಲಿಸಿತು. ಆಟಗಾರನನ್ನು ಕಳ್ಳನೆಂದು ಸಾರುವ ಮೊದಲು ಪುರಾವೆ ಎಷ್ಟು ಬೇಕು, ಅದನ್ನು ತೂಗುವವರು ಯಾರು ಎಂಬ ಪ್ರಶ್ನೆ ಚೆಸ್ ಆಡಳಿತದ ಮುಂದೆ ಇಷ್ಟು ತೀವ್ರವಾಗಿ ಹಿಂದೆಂದೂ ಬಂದಿರಲಿಲ್ಲ.

ತಡೆಯುವ ಕ್ರಮಗಳು ಈ ನಡುವೆ ಬಿಗಿಯಾಗುತ್ತ ಬಂದಿವೆ. ಗ್ರ್ಯಾಂಡ್‌ಮಾಸ್ಟರ್‌ಗಳೂ ಇತರ ಬಿರುದಿನವರೂ ವಾರಕ್ಕೊಮ್ಮೆ ಬಹುಮಾನಕ್ಕಾಗಿ ಆಡುವ ‘ಟೈಟಲ್ಡ್ ಟ್ಯೂಸ್‌ಡೇ’ಯಂಥ ಕಡೆ, ಆಟಗಾರನ ಕಂಪ್ಯೂಟರ್‌ನಲ್ಲಿ ಬೇರೇನು ಓಡುತ್ತಿದೆ ಎಂದು ಗಮನಿಸುವ ‘ಪ್ರಾಕ್ಟರ್’ ಎಂಬ ತಂತ್ರಾಂಶವನ್ನು ಚೆಸ್ ಡಾಟ್ ಕಾಮ್ ತಂದಿತು. ಹೆಚ್ಚಿನ ಹಣವಿರುವ ಆನ್‌ಲೈನ್ ಟೂರ್ನಿಗಳ ಕೊನೆಯ ಸುತ್ತುಗಳನ್ನು ಸಭಾಂಗಣಕ್ಕೆ ಒಯ್ಯಲಾಗುತ್ತಿದೆ. 2023ರ ಡಿಸೆಂಬರ್‌ನಲ್ಲಿ ಚಾಂಪಿಯನ್ಸ್ ಚೆಸ್ ಟೂರ್‌ನ ಫೈನಲ್ ಟೊರಾಂಟೊದಲ್ಲಿ, 2024ರಲ್ಲಿ ಸ್ಪೀಡ್ ಚೆಸ್ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತುಗಳು ಪ್ಯಾರಿಸ್‌ನಲ್ಲಿ ನಡೆದವು. 2025ರಲ್ಲಿ ರಿಯಾಧ್‌ನ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್‌ನಲ್ಲಿ 15 ಲಕ್ಷ ಡಾಲರ್ ಬಹುಮಾನಕ್ಕೆ ಆಟಗಾರರು ತೀರ್ಪುಗಾರರ ಕಣ್ಣೆದುರಿಗೆ, ಸಂಘಟಕರೇ ಕೊಟ್ಟ ಕಂಪ್ಯೂಟರ್‌ಗಳಲ್ಲಿ ಆಡಿದರು. ಫೈನಲ್‌ನಲ್ಲಿ ಕಾರ್ಲ್‌ಸನ್ ಫ್ರಾನ್ಸಿನ ಅಲಿರೆಜಾ ಫಿರೌಜಾರನ್ನು ಸೋಲಿಸಿದರು. ಅಲ್ಲಿಗೆ ತಲುಪಿಸುವ ಅರ್ಹತಾ ಸುತ್ತುಗಳ ಆಟಗಳು ಮಾತ್ರ ಈಗಲೂ ಹೆಚ್ಚಾಗಿ ಆಟಗಾರರ ಮನೆಗಳಲ್ಲಿ, ಕ್ಯಾಮೆರಾಗಳ ಮುಂದೆ ನಡೆಯುತ್ತವೆ. ಬಹುಮಾನವಿಲ್ಲದ ಕೋಟ್ಯಂತರ ದಿನನಿತ್ಯದ ಆಟಗಳ ಕಾವಲು ಪೂರ್ತಿಯಾಗಿ ಪ್ರೋಗ್ರಾಮುಗಳ ಮತ್ತು ದೂರು ಬಂದಾಗ ಅವನ್ನು ಪರಿಶೀಲಿಸುವ ಸಿಬ್ಬಂದಿ, ಸ್ವಯಂಸೇವಕರ ಕೈಯಲ್ಲಿದೆ.